ಉದ್ದ ಉಳಿಸಿ ಬಿಚ್ಚುವುದು: ಪುಣೆಯ ಹಳೆಯ ಮರದ ಮನೆಯನ್ನು ಕಳಚಲು ಒಂದು ಸಮಗ್ರ ಮಾರ್ಗದರ್ಶಿ

ಪುಣೆಯ ಪೇಠೆಗಳಲ್ಲಿ ಹಳೆಯ ಮನೆಯೊಂದನ್ನು ಕೆಡವಲು ಗುತ್ತಿಗೆ ಕೊಟ್ಟರೆ ಸಾಮಾನ್ಯವಾಗಿ ಮೊದಲು ಬರುವುದು ಯಂತ್ರದ ಗರಗಸ. ಸಾಯಂಕಾಲದೊಳಗೆ ಹನ್ನೆರಡು ಅಡಿಯ ಸಾಗುವಾನಿ ತೊಲೆ ಎರಡು ತುಂಡಾಗಿರುತ್ತದೆ, ತೊಲೆಯನ್ನು ಹೊರುವ ಕೆತ್ತಿದ ಬೋದಿಗೆ ಕಂಬದ ತಲೆಯಿಂದ ಕತ್ತರಿಸಿ ಬೇರೆಯಾಗಿರುತ್ತದೆ. ಗುತ್ತಿಗೆದಾರನನ್ನು ಬಯ್ದು ಪ್ರಯೋಜನವಿಲ್ಲ. ಓಣಿ ಕಿರಿದು, ಟಾಟಾ ಏಸ್‌ನಂಥ ಗಾಡಿಯ ಪೆಟ್ಟಿಗೆ ಏಳಡಿ ಚಿಲ್ಲರೆ. ಹಾಗಾಗಿ ಮನೆಯನ್ನು ಗಾಡಿಯ ಅಳತೆಗೆ ಕತ್ತರಿಸುತ್ತಾರೆ. ಆದರೆ ಹಳೆಯ ಮರದ ಬೆಲೆ ಇರುವುದು ಅದರ ಉದ್ದದಲ್ಲಿ ಮತ್ತು ಕೂಡಿಕೆಯ ತುದಿಗಳಲ್ಲಿ. ಹನ್ನೆರಡು ಅಡಿಯ ತೊಲೆ ಇನ್ನೊಂದು ಮನೆಯಲ್ಲಿ ಮತ್ತೆ ತೊಲೆಯಾಗುತ್ತದೆ. ಆರಡಿಯ ಎರಡು ತುಂಡುಗಳು ಬೆಂಚಿನ ಕಾಲಾಗುತ್ತವೆ, ಇಲ್ಲವೇ ಹಲಗೆಯಾಗಿ ಸೀಳಿಹೋಗುತ್ತವೆ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲಿಯೂ ನೋಡಬೇಕಾದದ್ದು ಒಂದೇ: ಮರದ ಉದ್ದ ಉಳಿಯುತ್ತದೆಯೇ, ತುದಿ ಮುರಿಯದೆ ಹೊರಬರುತ್ತದೆಯೇ.

ಯಾವುದಕ್ಕೆ ಕೈ ಹಾಕಬಹುದು

ಹಿತ್ತಲಿನ ಕೊಟ್ಟಿಗೆ, ಪಡಸಾಲೆ, ಒಂದು ಅಂತಸ್ತು ಮತ್ತು ಮೇಲೊಂದು ಹಂಚಿನ ಮಾಳಿಗೆ ಇರುವ ಮನೆ: ಇಷ್ಟನ್ನು ಅನುಭವಿ ಮೇಸ್ತ್ರಿ ಮತ್ತು ನಾಲ್ಕಾರು ಆಳುಗಳೊಂದಿಗೆ ಈ ಕ್ರಮದಲ್ಲಿ ಬಿಚ್ಚಬಹುದು. ಅದಕ್ಕಿಂತ ಎತ್ತರದ ವಾಡೆ (ಅಂಗಳವಿರುವ ದೊಡ್ಡ ಹಳೆಯ ಮನೆ), ಗೋಡೆ ಉಬ್ಬಿ ನಿಂತ ಮನೆ, ಒಂದು ಬದಿ ಆಗಲೇ ಕುಸಿದ ಮನೆ, ಇವುಗಳಿಗೆ ಕಟ್ಟಡ ಎಂಜಿನಿಯರ್ ಸ್ಥಳದಲ್ಲಿ ನಿಂತು ಹೇಳಬೇಕು. ಅಂಥ ಕಡೆ ಮರದ ಆಸೆ ಬಿಟ್ಟು ಜೀವ ನೋಡಿಕೊಳ್ಳುವುದೇ ಸರಿ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ಮೊದಲನೆಯದು. ಮಹಾನಗರಪಾಲಿಕೆಯ ಅನುಮತಿ ಬೇಕು. ಮನೆ ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಇದ್ದರೆ ನಿಮ್ಮ ಯೋಜನೆ ಅಲ್ಲಿಗೇ ನಿಲ್ಲುತ್ತದೆ, ನಿಲ್ಲಬೇಕು ಕೂಡ. ಬಾಡಿಗೆದಾರರಿದ್ದರೆ ಅವರ ವ್ಯವಹಾರ ಲಿಖಿತವಾಗಿ ಮುಗಿದಿರಲಿ. ಮರವನ್ನು ಧಾರವಾಡಕ್ಕೋ ಬೆಳಗಾವಿಗೋ ಊರಿನ ಮನೆಗೆಂದು ಒಯ್ಯುವ ಆಲೋಚನೆ ಇರುವವರು ಸಾಗಣೆ ಪರವಾನಗಿಯ ವಿಷಯವನ್ನು ಅರಣ್ಯ ಇಲಾಖೆಯಲ್ಲಿ ಮುಂಚೆಯೇ ವಿಚಾರಿಸಬೇಕು. ಕಾಗಲ್ ದಾಟಿ ರಾಜ್ಯದ ಗಡಿಯ ಕೊಗನೊಳ್ಳಿಯಲ್ಲಿ ಲಾರಿ ನಿಲ್ಲಿಸಿದಾಗ "ಇದು ನಮ್ಮ ಮನೆಯ ಹಳೆಯ ಮರ" ಎಂಬ ಮಾತಿಗಿಂತ, ಬಿಚ್ಚುವ ಮೊದಲು ತೆಗೆದ ಛಾಯಾಚಿತ್ರ, ಪಾಲಿಕೆಯ ಅನುಮತಿ ಮತ್ತು ಮರದ ಪಟ್ಟಿ ಹೆಚ್ಚು ಕೆಲಸಕ್ಕೆ ಬರುತ್ತವೆ.

ಪಕ್ಕದ ಮನೆಯವರನ್ನು ಮರೆಯಬೇಡಿ. ಪೇಠೆಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇರುವುದು ಸಾಮಾನ್ಯ. ನಿಮ್ಮ ತೊಲೆಯ ತುದಿ ಅದರೊಳಗೆ ಕೂತಿರುತ್ತದೆ, ಅವರ ತೊಲೆಯೂ ಆ ಕಡೆಯಿಂದ ಕೂತಿರುತ್ತದೆ. ನಿಮ್ಮದನ್ನು ಎಳೆದರೆ ಗೋಡೆಗೆ ಈ ಬದಿಯಿಂದ ಇದ್ದ ಒತ್ತು ತಪ್ಪಿತು. ಅಂಥ ಗೋಡೆಗೆ ಮೊದಲು ಓರೆ ಆಧಾರ ಕೊಡಬೇಕು. ಆ ಮನೆಯ ಬಿರುಕುಗಳ ಚಿತ್ರವನ್ನು ಅವರ ಎದುರಿಗೇ ತೆಗೆದಿಟ್ಟುಕೊಂಡರೆ ಮುಂದಿನ ಜಗಳ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕಾಲ: ದೀಪಾವಳಿಯ ನಂತರ, ಫೆಬ್ರವರಿಯೊಳಗೆ. ಮಳೆಗಾಲದಲ್ಲಿ ಹಂಚು ತೆಗೆದರೆ ಮಣ್ಣಿನ ಗೋಡೆ ನೀರು ಕುಡಿದು ಕೂರುತ್ತದೆ, ಮರವೂ ಉಬ್ಬಿ ಕೂಡಿಕೆಗಳು ಜಗ್ಗುವುದಿಲ್ಲ.

ಬಿಚ್ಚುವ ಮೊದಲು ನೋಡುವುದು

ಪುಣೆಯ ಹಳೆಯ ಮನೆಯ ಅಸ್ಥಿ ಮರದ್ದು. ಕಲ್ಲಿನ ಪೀಠದ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲುಸಾಲು ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು. ಇಲ್ಲಿನವರು ಇದನ್ನು ಕಡಿಪಾಟ ಎನ್ನುತ್ತಾರೆ. ಧಾರವಾಡ, ವಿಜಯಪುರದ ಕಡೆ ಜಂತಿಯ ಮನೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಎರಡು ಕಂಬಗಳ ನಡುವಿನ ಅಂತರಕ್ಕೆ ಖಣ ಎನ್ನುತ್ತಾರೆ, ಮನೆಯ ಅಳತೆ ಹೇಳುವುದೂ ಖಣದ ಲೆಕ್ಕದಲ್ಲಿಯೇ. ಭಾರ ಹೊರುವುದು ಈ ಚೌಕಟ್ಟು. ಮೇಲಂತಸ್ತಿನ ಇಟ್ಟಿಗೆಯ ಗೋಡೆ ಹೆಚ್ಚಾಗಿ ಕಂಬಗಳ ನಡುವೆ ತುಂಬಿದ್ದು. ಆದರೆ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿದಿರುವುದು ಅದೇ ತುಂಬು ಗೋಡೆ. ಕೆಳಗಿನ ಗೋಡೆಯನ್ನು ಮೊದಲು ತೆಗೆದು ಮೇಲಿನ ಮರ ಬಿಚ್ಚಲು ಹೊರಟವರ ತಲೆಯ ಮೇಲೆ ಮನೆ ಬರುವುದು ಈ ಕಾರಣಕ್ಕೆ.

ಕೂಡಿಕೆಗಳ ಕಲ್ಪನೆ ಇಲ್ಲದವರು ಒಂದು ಬೆಳಿಗ್ಗೆ ಬಾಜೀರಾವ್ ರಸ್ತೆಯ ವಿಶ್ರಾಮಬಾಗ್ ವಾಡೆಯ ಎದುರು ನಿಲ್ಲಬೇಕು. ಪೇಶ್ವೆ ಎರಡನೆಯ ಬಾಜೀರಾಯನಿಗೆಂದು 1807ರ ಸುಮಾರಿಗೆ ಮುಗಿದ ಈ ವಾಡೆಯ ಮುಂಭಾಗದ ಕೆತ್ತನೆಯನ್ನು ಎಲ್ಲರೂ ನೋಡುತ್ತಾರೆ. ನೀವು ಕೆತ್ತನೆ ಬಿಟ್ಟು, ಯಾವುದರ ಮೇಲೆ ಯಾವುದು ಕೂತಿದೆ, ಯಾವುದು ಯಾವುದರೊಳಗೆ ಹೊಕ್ಕಿದೆ ಎಂದು ನೋಡಿ. ಕಟ್ಟುವಾಗ ಕೊನೆಗೆ ಕೂತದ್ದೇ ಬಿಚ್ಚುವಾಗ ಮೊದಲು ಹೊರಬರುವುದು.

ಇನ್ನು ಮರದ ತಪಾಸಣೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋಗಿ: ಗಟ್ಟಿ ಮರ ಖಣಿಲ್ ಎನ್ನುತ್ತದೆ, ಟೊಳ್ಳಾದದ್ದು ಬೊದ್ ಎನ್ನುತ್ತದೆ. ಚೂಪು ಉಳಿಯ ಮೂಲೆಯನ್ನು ಒತ್ತಿ ನೋಡಿ. ಕಾಲಂಗುಲಕ್ಕಿಂತ ಆಳ ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ. ಮರದ ನಡುಭಾಗದಲ್ಲಿ ತಪ್ಪು ಕಾಣುವುದು ಕಡಿಮೆ. ಹಾಳಾಗುವುದು ಮೂರು ಕಡೆ: ಗೋಡೆಯೊಳಗೆ ಹೊಕ್ಕ ತೊಲೆಯ ತುದಿ, ಕಲ್ಲಿನ ಮೇಲೆ ಕೂತ ಕಂಬದ ಬುಡ, ಸೋರುವ ಹಂಚಿನ ಕೆಳಗಿನ ಪಕ್ಕಾಸಿನ (ಮಾಡಿನ ಇಳಿಜಾರು ಮರದ) ತುದಿ. ಸಾಗುವಾನಿಯ ಒಳಗಿನ ಗಟ್ಟಿ ಕೆಚ್ಚನ್ನು ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ, ಹೊರಗಿನ ಬಿಳಿಮರವನ್ನು ಬಿಡುವುದೂ ಇಲ್ಲ. ಆದ್ದರಿಂದ ಮೇಲ್ಮೈ ಪುಡಿಪುಡಿಯಾಗಿ ಉದುರಿದ ತೊಲೆಯನ್ನು ಕಂಡು ಕೈಬಿಡಬೇಡಿ, ಒಳಗೆ ಇಡೀ ಕೆಚ್ಚು ಇರಬಹುದು.

ನದಿ ಬದಿಯ ಪೇಠೆಗಳ ಮನೆಯಾದರೆ ಇನ್ನೊಂದು ನೋಟ ಬೇಕು. 1961ರ ಜುಲೈ 12ರಂದು ಪಾನ್‌ಶೆತ್ ಅಣೆಕಟ್ಟು ಒಡೆದಾಗ ಮುಠಾ ನದಿಯ ದಂಡೆಯ ಹಳೆಯ ಮನೆಗಳು ಬಹಳವಾಗಿ ಬಿದ್ದವು. ನಿಂತು ಉಳಿದವುಗಳಲ್ಲಿ ಕಂಬದ ಬುಡಕ್ಕೆ ಬೇರೆ ಮರ ಕೂಡಿಸಿದ್ದು, ಕಬ್ಬಿಣದ ಪಟ್ಟಿ ಬಿಗಿದದ್ದು, ಸಿಮೆಂಟು ಮೆತ್ತಿದ್ದು ಸಿಗಬಹುದು. ಹಾಗೆ ಕೂಡಿಸಿದ ಕಂಬ ಎತ್ತುವಾಗ ಕೂಡಿಕೆಯಲ್ಲಿಯೇ ಕಳಚಿ ಬೀಳುತ್ತದೆ.

ತಪಾಸಣೆಯ ಜೊತೆಗೇ ಅಳತೆ ಬರೆದುಕೊಳ್ಳಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಅಂಗುಲದಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಹನ್ನೆರಡು ಅಡಿ ಉದ್ದದ, ಆರು-ಎಂಟು ಅಂಗುಲದ ತೊಲೆ ನಾಲ್ಕು ಘನ ಅಡಿ. ಒಣಗಿದ ಸಾಗುವಾನಿ ಘನ ಅಡಿಗೆ ಸುಮಾರು 18ರಿಂದ 19 ಕೆಜಿ ತೂಗುವುದರಿಂದ ಈ ತೊಲೆ 75 ಕೆಜಿ ಆಸುಪಾಸು. ಈ ಲೆಕ್ಕ ಎರಡು ಕಡೆ ಬೇಕು: ಎಷ್ಟು ಜನ ಎತ್ತಬೇಕೆಂದು ತಿಳಿಯಲು, ಮತ್ತು "ಒಟ್ಟಾರೆ ಇಷ್ಟು ಕೊಡುತ್ತೇನೆ" ಎಂದು ಬಾಗಿಲಲ್ಲಿ ನಿಲ್ಲುವ ವ್ಯಾಪಾರಿಗೆ ಉತ್ತರಿಸಲು.

ಗುರುತು

ಬಿಚ್ಚಿ ನೆಲಕ್ಕೆ ಇಳಿಸಿದ ಮೇಲೆ ಎಲ್ಲ ಜಂತಿಗಳೂ ಒಂದೇ ಥರ ಕಾಣುತ್ತವೆ, ಆದರೆ ಯಾವುದೂ ಇನ್ನೊಂದರ ಜಾಗದಲ್ಲಿ ಕೂರುವುದಿಲ್ಲ. ಕೈಯಿಂದ ಕೆತ್ತಿದ ಕೂಡಿಕೆಗಳ ಸ್ವಭಾವವೇ ಅಂಥದ್ದು. ಸೀಮೆಸುಣ್ಣ ಒಂದೇ ದಿನದಲ್ಲಿ ಅಳಿಸಿಹೋಗುತ್ತದೆ, ಕಾಗದದ ಚೀಟಿ ಗೋದಾಮಿನಲ್ಲಿ ಇಲಿಯ ಪಾಲು. ಅಲ್ಯುಮಿನಿಯಂ ತಗಡಿನ ಚಿಕ್ಕ ತುಂಡಿಗೆ ಮೊಳೆಯಿಂದ ಕುಟ್ಟಿ ಸಂಖ್ಯೆ ಬರೆದು, ಮರದ ಕಾಣದ ಬದಿಗೆ ಸಣ್ಣ ಮೊಳೆಯಲ್ಲಿ ಬಡಿಯಿರಿ. ಖಣಗಳಿಗೆ ಅ, ಆ, ಇ. ಖಣದೊಳಗಿನ ಜಂತಿಗಳಿಗೆ ಬೀದಿ ಬದಿಯಿಂದ ಒಳಕ್ಕೆ 1, 2, 3. ತೊಲೆಯ ಯಾವ ತುದಿ ಬೀದಿಯ ಕಡೆ ಇತ್ತೆಂಬುದಕ್ಕೂ ಒಂದು ಗುರುತು ಇರಲಿ. ಬಹಳ ಜನ ಬಿಡುವುದು ಇದನ್ನೇ. ಇದೇ ಸಂಖ್ಯೆಗಳನ್ನು ನಕ್ಷೆಯಲ್ಲಿ ಬರೆದು, ನಕ್ಷೆಯ ಚಿತ್ರ ತೆಗೆದು ಇನ್ನೊಬ್ಬರ ಮೊಬೈಲಿಗೂ ಕಳುಹಿಸಿಡಿ. ಬೋದಿಗೆಯ ಅಡಿಯಲ್ಲಿ, ತೊಲೆಯ ತುದಿಯಲ್ಲಿ ಹಳೆಯ ಬಡಿಗರು ಉಳಿಯಿಂದ ಕೊರೆದ ಗೀಟುಗಳು ಸಿಗುವುದುಂಟು. ಅವರೂ ಇದೇ ಕೆಲಸಕ್ಕೆ ಹಾಕಿದ್ದು ಅವು, ಅವನ್ನು ಉಜ್ಜಬೇಡಿ.

ಸಲಕರಣೆ ಮತ್ತು ಆಳು

ಸರಪಳಿಯಿಂದ ಭಾರ ಎತ್ತಿಳಿಸುವ ಎರಡು ಚೈನ್ ಬ್ಲಾಕ್, ನಾಲ್ಕು ಜ್ಯಾಕ್, ಸ್ಲ್ಯಾಬ್ ಕೆಲಸದವರು ಆಧಾರಕ್ಕೆ ಬಳಸುವ, ಎತ್ತರ ಹೆಚ್ಚು-ಕಡಿಮೆ ಮಾಡಬಹುದಾದ ಕಬ್ಬಿಣದ ಪ್ರಾಪ್‌ಗಳು, ಅಗಲ ಬಾಯಿಯ ಹಾರೆ, ಮರದ ಕೊಡತಿ, ಬೆಣೆಗಳ ಒಂದು ಚೀಲ, ಗಟ್ಟಿ ಹಗ್ಗ, ಕಬ್ಬಿಣ ಕೊಯ್ಯುವ ಕೈಗರಗಸ. ಹಾರೆ ಎಲ್ಲಿ ಊರಿದರೂ ಕೆಳಗೆ ಹಲಗೆಯ ತುಂಡು ಇರಬೇಕು. ಗ್ಯಾಸ್ ಕಟರ್ ಮನೆಯೊಳಗೆ ಬೇಡವೇ ಬೇಡ. ಪೇಶ್ವೆಗಳ ಅರಮನೆಯಾಗಿದ್ದ ಶನಿವಾರವಾಡೆಯ ಮೇಲಿನ ಮಹಡಿಗಳು 1828ರ ಬೆಂಕಿಯಲ್ಲಿ ದಿನಗಟ್ಟಲೆ ಉರಿದು ಹೋದವು, ಇಂದು ಉಳಿದಿರುವುದು ಹೆಚ್ಚಾಗಿ ಕಲ್ಲಿನ ಭಾಗ ಮತ್ತು ಬಾಗಿಲುಗಳು. ಒಣಗಿದ ಮರ, ಜೇಡರ ಬಲೆ, ಮಾಳಿಗೆಯ ಧೂಳು ಇರುವಲ್ಲಿ ಒಂದು ಕಿಡಿ ಸಾಕು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಡಿ, ಬಿಚ್ಚದಿದ್ದರೆ ಕೈಗರಗಸದಿಂದ ಕೊಯ್ಯಿರಿ. ಹೆಲ್ಮೆಟ್, ಗಟ್ಟಿ ಅಡಿಯ ಬೂಟು, ಧೂಳಿನ ಮುಖಗವಸು, ಎತ್ತರದಲ್ಲಿ ಸೊಂಟದ ಪಟ್ಟಿ. ಆಳು ಬೇಡ ಅಂದರೂ ಕೊಡಿಸಿ.

ಪುಣೆಯ ಕಟ್ಟಡ ಕೆಲಸದಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯವರು ಬಹಳ. ಒಂದೇ ತೊಲೆಗೆ ಕೈ ಕೊಟ್ಟ ಆರು ಜನರಲ್ಲಿ ಮೂವರು ಕನ್ನಡ, ಇಬ್ಬರು ಮರಾಠಿ, ಒಬ್ಬ ಹಿಂದಿ ಆಡುವವನಿರುತ್ತಾನೆ. ಒಬ್ಬ "ತಡಿ" ಅಂದದ್ದು ಇನ್ನೊಬ್ಬನಿಗೆ ಅರ್ಥವಾಗುವಷ್ಟರಲ್ಲಿ ತೊಲೆ ಜಾರಿರುತ್ತದೆ. ಬೆಳಿಗ್ಗೆಯೇ ಮೂರು ಮಾತು ಗೊತ್ತುಮಾಡಿಕೊಳ್ಳಿ, ಎತ್ತಲು ಒಂದು, ನಿಲ್ಲಿಸಲು ಒಂದು, ಇಳಿಸಲು ಒಂದು. ಅವನ್ನು ಕೂಗುವ ಹಕ್ಕು ಒಬ್ಬನಿಗೇ ಇರಲಿ, ಆ ಒಬ್ಬ ಮರಕ್ಕೆ ಕೈ ಹಚ್ಚಬಾರದು.

ಹಂಚಿನಿಂದ ಆರಂಭ

ವಿದ್ಯುತ್ ಸಂಪರ್ಕವನ್ನು ಮೀಟರಿನಲ್ಲಿಯೇ ಕಡಿಸಿ, ನೀರು ಬಂದ್ ಮಾಡಿಸಿ. ನಂತರ ಬಾಗಿಲು-ಕಿಟಕಿಯ ರೆಕ್ಕೆಗಳನ್ನು ಬಿಜಾಗರಿ ಸಮೇತ ಇಳಿಸಿ. ಸ್ಕ್ರೂ ತಿರುಗದಿದ್ದರೆ ಅದರ ಗೀಟಿನಲ್ಲಿ ತುಂಬಿದ ಬಣ್ಣವನ್ನು ಕೆರೆದು ತೆಗೆದು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ; ತುಕ್ಕಿನ ಹಿಡಿತ ಬಿಡುತ್ತದೆ. ಚೌಕಟ್ಟು ಗೋಡೆಯಲ್ಲಿಯೇ ಇರಲಿ, ಗೋಡೆ ಇಳಿದಂತೆ ಅದು ತಾನೇ ಬಿಡುತ್ತದೆ.

ಹಂಚನ್ನು ನೆತ್ತಿಯಿಂದ ಕೆಳಕ್ಕೆ, ಎರಡೂ ಇಳಿಜಾರಿನಿಂದ ಸರಿಸಮವಾಗಿ ತೆಗೆಯಬೇಕು. ಒಂದು ಬದಿ ಪೂರ್ತಿ ಖಾಲಿ ಮಾಡಿ ಇನ್ನೊಂದು ಬದಿಗೆ ಹೋದರೆ ಭಾರ ಒಂದೇ ಕಡೆ ಉಳಿದು ಚೌಕಟ್ಟು ವಾಲುತ್ತದೆ. ಇಲ್ಲಿನ ಮನೆಗಳ ಮೇಲೆ ನಮ್ಮ ಮಂಗಳೂರು ಹಂಚು ಧಾರಾಳವಾಗಿ ಇರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಹುಟ್ಟಿಕೊಂಡವು, ಒಂದೊಂದರ ಅಚ್ಚು ಒಂದೊಂದು ಥರ. ಬೆನ್ನಿನ ಮುದ್ರೆ ನೋಡಿ ಒಂದೇ ಮುದ್ರೆಯವನ್ನು ಒಟ್ಟಿಗೆ ಇಡಿ. ಬೇರೆ ಕಾರ್ಖಾನೆಯ ಹಂಚು ಪಕ್ಕದ ಹಂಚಿನ ತೋಡಿಗೆ ಸರಿಯಾಗಿ ಕೂರದೆ ಮುಂದೆ ಸೋರುತ್ತದೆ. ಬೆರಳ ಗೆಣ್ಣಿನಿಂದ ಬಡಿದಾಗ ಒಡಕು ದನಿ ಬಂದರೆ ಬೇರೆ ಮಾಡಿ. ಜೋಡಿಸುವಾಗ ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ. ಹಿತ್ತಲಿನ ಭಾಗಕ್ಕೆ ಕಲ್ನಾರಿನ ಶೀಟು ಹೊದಿಸಿದ್ದರೆ ಅದನ್ನು ನೀರು ಚಿಮುಕಿಸಿ, ಒಡೆಯದೆ, ಕೊಯ್ಯದೆ ಇಡಿಯಾಗಿ ಇಳಿಸಿ. ಅದರ ನಾರು ಶ್ವಾಸಕೋಶಕ್ಕೆ ಮಾರಕ, ಮತ್ತೆ ಬಳಸುವ ಪಟ್ಟಿಗೆ ಅದು ಸೇರುವುದಿಲ್ಲ.

ಹಂಚು ಕೂರುವ ಅಡ್ಡ ರೀಪುಗಳನ್ನು ತೆಗೆಯುವ ಮೊದಲು ಪಕ್ಕಾಸುಗಳನ್ನು ಅಡ್ಡ ಬಿದಿರಿನಿಂದ ಒಂದಕ್ಕೊಂದು ಕಟ್ಟಿ, ಯಾಕೆಂದರೆ ಅವನ್ನು ಸಾಲಾಗಿ ಹಿಡಿದಿದ್ದುದು ಆ ರೀಪುಗಳೇ. ರೀಪು ಹೆಚ್ಚಾಗಿ ಸೀಳಿ ಬರುತ್ತದೆ, ಅದಕ್ಕಾಗಿ ಬಹಳ ಹೊತ್ತು ಕಳೆಯಬೇಡಿ. ಪಕ್ಕಾಸುಗಳನ್ನು ಜೋಡಿಜೋಡಿಯಾಗಿ ಇಳಿಸಿ, ಕೊನೆಗೆ ನೆತ್ತಿಯ ತೊಲೆ.

ಮಾಳಿಗೆಯ ಮಣ್ಣು

ಹಲಗೆಯ ಮೇಲೆ ಅರ್ಧ ಅಡಿ ಮಣ್ಣು ಎಂದರೆ ಪ್ರತಿ ಚದರ ಮೀಟರಿಗೆ 200 ಕೆಜಿಗೂ ಹೆಚ್ಚು. ಇದನ್ನು ಪೂರ್ತಿ ತೆಗೆಯದೆ ಹಲಗೆಗೆ ಕೈ ಹಚ್ಚಬಾರದು. ತೆಗೆಯುವಾಗ ಆಳುಗಳು ನಡುವಿನಲ್ಲಿ ಗುಡ್ಡೆ ಹಾಕುತ್ತಾರೆ, ಬುಟ್ಟಿ ತುಂಬಲು ಅದು ಸುಲಭ. ಜಂತಿ ಮುರಿಯುವುದೂ ಆಗಲೇ. ಕೆಳಗಿನಿಂದ ಪ್ರತಿ ಖಣದ ಜಂತಿಗಳಿಗೆ ಪ್ರಾಪ್ ಕೊಟ್ಟು, ಗೋಡೆಯ ಬದಿಯಿಂದ ಶುರುಮಾಡಿ, ತುಂಬಿದ ಬುಟ್ಟಿ ತುಂಬಿದಂತೆ ಕೆಳಗಿಳಿಸಿ. ಮಣ್ಣಿಗೆ ನೀರು ಚಿಮುಕಿಸಿದರೆ ಧೂಳು ಕಡಿಮೆ, ಜಾಸ್ತಿ ಹಾಕಿದರೆ ಭಾರ ಹೆಚ್ಚು. ಈ ಮಣ್ಣನ್ನು ಚೆಲ್ಲಬೇಡಿ, ಗೋಡೆಯ ಗಾರೆಗೋ ತೋಟಕ್ಕೋ ಆಗುತ್ತದೆ. ಮಣ್ಣಿನಲ್ಲಿ ಕಟ್ಟಿದ ಇಟ್ಟಿಗೆಗಳೂ ಕೈಯಿಂದಲೇ ಬಿಡಿಸಿಕೊಂಡು ಬರುತ್ತವೆ. ಹೊಸ ಸಿಮೆಂಟಿನ ಗೋಡೆಯಲ್ಲಿ ಈ ಸೌಭಾಗ್ಯ ಇಲ್ಲ.

ಹಲಗೆಗಳು ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತವೆ. ಕೊನೆಗೆ ಕೂರಿಸಿದ ಹಲಗೆಯನ್ನು ಹುಡುಕಿ ಅಲ್ಲಿಂದ ಹಿಂದಕ್ಕೆ ಬನ್ನಿ. ಅದು ಸಿಗದಿದ್ದರೆ ತೀರಾ ಹಾಳಾದ ಒಂದನ್ನು ಬಲಿ ಕೊಟ್ಟು ದಾರಿ ಮಾಡಿಕೊಳ್ಳಿ.

ಕೂಡಿಕೆ ಬಿಡಿಸುವುದು

ಅವಸರ ಪಡುವವರನ್ನು ಇಲ್ಲಿಂದ ದೂರ ಇಡಿ.

ಕೂಡಿಕೆಯಲ್ಲಿ ಒಂದು ಮರದ ತುದಿಯ ನಾಲಗೆ ಇನ್ನೊಂದರ ತೂತಿನೊಳಗೆ ಕೂತು, ಅಡ್ಡಲಾಗಿ ಒಂದು ಮರದ ಗೂಟ ಬಿಗಿದಿರುತ್ತದೆ. ಗೂಟ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಸಣ್ಣ ತುದಿಯ ಕಡೆಯಿಂದ, ಗೂಟಕ್ಕಿಂತ ಸಣ್ಣ ಗಟ್ಟಿಮರದ ಕಡ್ಡಿ ಇಟ್ಟು ಬಡಿದರೆ ಹೊರಬರುತ್ತದೆ. ಯಾವ ಕಡೆ ಸಣ್ಣದೆಂದು ಬಣ್ಣದಡಿ ಕಾಣದಿದ್ದರೆ ಎರಡೂ ಕಡೆ ಕೆರೆದು ಅಳೆಯಿರಿ. ಅಲ್ಲಾಡದ ಗೂಟವನ್ನು ನಡುವಿನಲ್ಲಿ ಬೈರಿಗೆಯಿಂದ ಕೊರೆದು ಟೊಳ್ಳು ಮಾಡಿ, ಚೂರುಚೂರಾಗಿ ತೆಗೆಯಿರಿ. ಗೂಟ ಹೋದರೆ ಹೋಗಲಿ, ಹೊಸದನ್ನು ಕೆತ್ತಬಹುದು. ನಾಲಗೆ ಮುರಿದರೆ ತೊಲೆಯ ಉದ್ದ ಅಷ್ಟು ಕಡಿಮೆಯಾಯಿತು.

ತೊಲೆ ಬೋದಿಗೆಯಿಂದ ನೇರವಾಗಿ ಮೇಲಕ್ಕೆ ಏಳಬೇಕು. ಎರಡೂ ತುದಿಯ ಹತ್ತಿರ ಕೆಳಗಿನಿಂದ ಜ್ಯಾಕ್ ಕೊಟ್ಟು, ಮೇಲೆ ದಪ್ಪ ಹಲಗೆ ಇಟ್ಟು, ಈ ಕಡೆ ಕಾಲಂಗುಲ, ಆ ಕಡೆ ಕಾಲಂಗುಲ ಎಂದು ಸರದಿಯಲ್ಲಿ ಎತ್ತಿ. ಒಂದು ತುದಿಯನ್ನೇ ಅರ್ಧ ಅಡಿ ಎತ್ತಿದರೆ ಇನ್ನೊಂದು ತುದಿಯ ನಾಲಗೆ ತೂತಿನಲ್ಲಿ ಓರೆಯಾಗಿ ಸಿಕ್ಕಿ ಸೀಳುತ್ತದೆ. ಹಿಡಿದುಕೊಂಡಿದ್ದರೆ ಜ್ಯಾಕಿನ ಒತ್ತಡ ಇರುವಾಗಲೇ ಕೊಡತಿಯಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಮೆಲ್ಲಗೆ ತಟ್ಟಿ ಕಾಯಿರಿ. ಎಷ್ಟೋ ಸಲ ನೀರು ಕುಡಿದು ಬರುವಷ್ಟರಲ್ಲಿ ತಾನೇ ಬಿಟ್ಟಿರುತ್ತದೆ. ಬಿಟ್ಟ ಮೇಲೆ ಭಾರವನ್ನು ಎರಡು ಚೈನ್ ಬ್ಲಾಕಿಗೆ ವರ್ಗಾಯಿಸಿ ಇಳಿಸಿ. ಎತ್ತುವ ಕೊಂಡಿಯನ್ನು ಬಿಚ್ಚಲಿರುವ ಅದೇ ಮನೆಯ ಇನ್ನೊಂದು ತೊಲೆಗೆ ಸಿಕ್ಕಿಸಬೇಡಿ, ಅದಕ್ಕೆ ಬೇರೆಯೇ ಅಟ್ಟಣೆ ಇರಲಿ.

ಗೋಡೆಯೊಳಗೆ ಹೊಕ್ಕ ತುದಿಯನ್ನು ಹಾರೆಯಿಂದ ಮೀಟುವುದು ಎಲ್ಲರಿಗೂ ಬರುವ ಮೊದಲ ಆಸೆ. ಬದಲಿಗೆ ಸುತ್ತಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ, ಮೇಲೆ ಮತ್ತು ಎರಡೂ ಬದಿ ಕೈ ಆಡುವಷ್ಟು ಜಾಗ ಮಾಡಿ. ಆಗ ತುದಿ ಕೊಳೆತಿದ್ದರೂ ಎಲ್ಲಿಯವರೆಗೆ ಕೊಳೆತಿದೆ ಎಂಬುದು ಕಾಣುತ್ತದೆ.

ಕಂಬಗಳಿಗೆ ಮೊದಲಿನಿಂದಲೂ ಎರಡು ದಿಕ್ಕಿನಲ್ಲಿ ಓರೆ ಬಿದಿರು ಕಟ್ಟಿರಬೇಕು. ತೊಲೆ ಹೋದ ಮೇಲೆ ಕಂಬ ಒಂಟಿಯಾಗಿ ನಿಂತಿರುತ್ತದೆ, ಒಂದು ಭುಜ ತಗುಲಿದರೂ ಬೀಳಬಹುದು. ಬೋದಿಗೆಯನ್ನು ಮೇಲಕ್ಕೆ ಎತ್ತಿ ತೆಗೆದು ಆ ಕಂಬದ ಸಂಖ್ಯೆಯನ್ನೇ ಅದಕ್ಕೂ ಕೊಡಿ. ಕಂಬದ ಬುಡದ ಸಣ್ಣ ಮೊನೆಯೊಂದು ಕಲ್ಲಿನ ಕುಳಿಯಲ್ಲಿ ಇಳಿದಿರಬಹುದು. ವಾಲಿಸಿದರೆ ಅದು ಮುರಿಯುತ್ತದೆ. ನೇರ ಎತ್ತಿ, ಆಮೇಲೆ ಮಲಗಿಸಿ. ಕಲ್ಲಿನ ಪೀಠವನ್ನೂ ಜೊತೆಗೇ ಒಯ್ಯಿರಿ. ಅದಿಲ್ಲದ ಕಂಬ ಮುಂದೆ ಒದ್ದೆ ನೆಲದ ಮೇಲೆ ನಿಂತು ಬುಡದಿಂದ ಕೊಳೆಯುತ್ತದೆ.

ಮೊಳೆ, ಸಾಗಣೆ, ಇಡುವುದು

ಮೊಳೆಗಳನ್ನು ಸ್ಥಳದಲ್ಲಿಯೇ, ಅದೇ ವಾರ ತೆಗೆಯಿರಿ. ಚೂಪು ತುದಿ ಹೊರಗೆ ಬಂದಿದ್ದರೆ ಅದನ್ನು ನೇರ ಮಾಡಿ ಹಿಂದಿನಿಂದ ಬಡಿದು ತಲೆ ಎಬ್ಬಿಸಿ, ನಂತರ ಇಕ್ಕಳ. ತಲೆ ಮುರಿದು ಒಳಗೆ ಉಳಿದದ್ದನ್ನು ಆಯಸ್ಕಾಂತ ಹಿಡಿದು ಹುಡುಕಿ. ಸುತ್ತ ಮರ ಕಪ್ಪಾಗಿರುವುದೂ ಒಂದು ಗುರುತು. ತೆಗೆಯಲಾಗದ್ದಕ್ಕೆ ಕೆಂಪು ಬಣ್ಣದ ಚುಕ್ಕೆ ಇಡಿ. ಸಾಮಿಲ್ಲಿನವರು ಹಳೆಯ ಮರ ಕೊಯ್ಯಲು ಮುಖ ಸಿಂಡರಿಸುವುದು ಅಡಗಿ ಕೂತ ಮೊಳೆಗೇ. ಸಾಗುವಾನಿಯಲ್ಲಿರುವ ಸಿಲಿಕಾ ಹೇಗೂ ಬ್ಲೇಡನ್ನು ಮೊಂಡು ಮಾಡುತ್ತದೆ, ಮೊಳೆ ಸಿಕ್ಕರೆ ಹಲ್ಲೇ ಹಾರುತ್ತದೆ.

ಉದ್ದದ ತೊಲೆ ಓಣಿಯಿಂದ ಹೊರಬರುವುದು ಹೆಗಲ ಮೇಲೆ, ಇಲ್ಲವೇ ಹಾತ್‌ಗಾಡಿಯಲ್ಲಿ. ಬೆಳಗಿನ ಜಾವ ವಾಹನಗಳಿಲ್ಲದ ಹೊತ್ತಿನಲ್ಲಿ ಮುಖ್ಯರಸ್ತೆಯವರೆಗೆ ತಂದು, ಅಲ್ಲಿ ಹದಿನಾಲ್ಕಡಿಯ ಟೆಂಪೋಗೆ ಏರಿಸಿ. ಈ ಒಂದು ಕೂಲಿ ಉಳಿಸಲು ಹೋಗಿಯೇ ಊರಿನ ಅರ್ಧ ಸಾಗುವಾನಿ ತುಂಡಾಗುತ್ತಿದೆ.

ಇಡುವ ಜಾಗಕ್ಕೆ ಮಾಡು ಇರಲಿ, ಗೋಡೆ ಬೇಡ, ಗಾಳಿ ಆಡಬೇಕು. ನೆಲದಿಂದ ಒಂದಡಿ ಎತ್ತರದಲ್ಲಿ, ಪ್ರತಿ ಸಾಲಿನ ನಡುವೆ ಒಂದಂಗುಲದ ಪಟ್ಟಿಗಳನ್ನು ಎರಡೆರಡು ಅಡಿಗೊಂದರಂತೆ ಹಾಕಿ ಪೇರಿಸಿ. ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಇರಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಬಿಳಿಮರ ಉಳಿದಿರುವ ಕಡೆಗೆ ಒಂದು ಪಾಲು ಬೋರಿಕ್ ಆಮ್ಲ, ಒಂದೂವರೆ ಪಾಲು ಬೋರಾಕ್ಸ್ ಸೇರಿಸಿ, ಬಿಸಿನೀರಿನಲ್ಲಿ ನೂರಕ್ಕೆ ಐದರಷ್ಟು ಕರಗಿಸಿ ಎರಡು ಸಲ ಬಳಿದರೆ ಹುಳು ದೂರ. ಮಳೆಗೆ ಅದು ತೊಳೆದುಹೋಗುವುದರಿಂದ ಒಳಗೆ ಬಳಸುವ ಮರಕ್ಕೆ ಮಾತ್ರ.

ಮಾರುವವರು ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಘನ ಅಡಿಯ ದರ ಕೇಳಿ ನೋಡಿ, ಆದರೆ ಕಂಬ-ಬೋದಿಗೆ ಜೋಡಿಯನ್ನು ಘನ ಅಡಿಗೆ ಕೊಡಬೇಡಿ. ಅದನ್ನು ಇಡಿಯಾಗಿ ಬಯಸುವ ವಾಸ್ತುಶಿಲ್ಪಿಗಳು, ಮನೆ ಕಟ್ಟಿಸುವವರು ಇದ್ದಾರೆ. ಹಳೆಯ ಚಿಲಕ, ಬಿಜಾಗರಿ, ಹಿತ್ತಾಳೆಯ ಕಡಗಗಳಿಗೆ ಬುಧವಾರ ಮತ್ತು ಭಾನುವಾರ ಸೇರುವ ಹಳೆಯ ಸಾಮಾನಿನ ಸಂತೆ ಜುನಾ ಬಜಾರ್ ಇದೆ.

ಕೊನೆಗೆ ಉಳಿಯುವ ಚೂರುಗಳಲ್ಲಿ ಗಟ್ಟಿಯಾದವನ್ನು ಗೂಟ ಮತ್ತು ಬೆಣೆಗೆಂದು ಎತ್ತಿಡಿ. ಬಣ್ಣ ಬಳಿದ ತುಂಡುಗಳನ್ನು ಮಾತ್ರ ಒಲೆಗೂ ಸ್ನಾನದ ಬಂಬಿಗೂ ಹಾಕಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿನ ಸೀಸಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದೆಯೆಂದೇ ತಿಳಿಯಬೇಕು. ಅದನ್ನು ಸುಡುವುದೂ ಬೇಡ, ಒಣಗಿದ್ದಾಗ ಮರಳು ಕಾಗದ ಹಾಕಿ ಉಜ್ಜುವುದೂ ಬೇಡ. ಒದ್ದೆ ಮಾಡಿ ಕೆರೆದು, ಕೆರೆದದ್ದನ್ನು ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಡಿ.